ಕಟ್ಟೆ ಮತ್ತು ಮೆಟ್ಟಿಲು: ಅಠಾರ ಕಚೇರಿಯ ವಾಸ್ತು ಹಾಗೂ ಜನಪದ ನುಡಿ

ಕಟ್ಟಡಗಳ ಚರಿತ್ರೆಯನ್ನು ಸಾಮಾನ್ಯವಾಗಿ ಅವುಗಳನ್ನು ಕಟ್ಟಿಸಿದವರ ಕಡೆಯಿಂದ ಬರೆಯಲಾಗಿದೆ. ಯಾವ ಅರಸ, ಯಾವ ಕಮಿಷನರ್, ಯಾವ ಎಂಜಿನಿಯರ್, ಯಾವ ಶೈಲಿ, ಎಷ್ಟು ಕಂಬ ಎಂಬ ವಿವರಗಳಿಂದ ಆ ಚರಿತ್ರೆ ತುಂಬಿರುತ್ತದೆ. ಕಟ್ಟಡದೊಳಕ್ಕೆ ಹೋಗಬೇಕಾಗಿ ಬಂದವರು, ಅದರ ಹೊರಗೆ ದಿನಗಟ್ಟಲೆ ಕಾದವರು ಅದನ್ನು ಹೇಗೆ ಕಂಡರು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಅರಮನೆ ಮತ್ತು ದೇವಾಲಯಗಳ ಮಟ್ಟಿಗೆ ಈ ಕೊರತೆಯನ್ನು ಲಾವಣಿ, ಕಾವ್ಯ, ಐತಿಹ್ಯಗಳು ಸ್ವಲ್ಪಮಟ್ಟಿಗೆ ತುಂಬಿವೆ. ನ್ಯಾಯಾಲಯದ ಕಟ್ಟಡಕ್ಕೆ ಅಂಥ ಭಾಗ್ಯವಿಲ್ಲ. ಅದರ ಮೇಲೆ ಐತಿಹ್ಯ ಹುಟ್ಟಲಿಲ್ಲ. ಅದನ್ನು ಕುರಿತು ಜನ ಹಾಡಿಕೊಂಡದ್ದು ಕಡಿಮೆ. ಆದರೆ ಕನ್ನಡದ ದಿನಬಳಕೆಯ ನುಡಿಯೊಳಗೆ ಅದು ಆಳವಾಗಿ ಇಳಿದಿದೆ. ‘ಕೋರ್ಟು ಮೆಟ್ಟಿಲು ಹತ್ತುವುದು’, ‘ಕಟಕಟೆಗೆ ನಿಲ್ಲಿಸುವುದು’, ‘ಕೋರ್ಟು ಕಚೇರಿ ಅಲೆಯುವುದು’ ಎಂಬ ಮಾತುಗಳಲ್ಲಿ ಜನಸಾಮಾನ್ಯರು ಕಂಡ ನ್ಯಾಯಾಲಯದ ವಾಸ್ತುವೇ ಅಡಗಿದೆ. ಕರ್ನಾಟಕದ ಉಚ್ಚ ನ್ಯಾಯಾಲಯ ನೆಲೆಸಿರುವ ಬೆಂಗಳೂರಿನ ಅಠಾರ ಕಚೇರಿಯನ್ನು ಈ ಮಾತುಗಳ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಕಟ್ಟಡವನ್ನು ಕುರಿತು ಇರುವ ಅತ್ಯಂತ ಖಚಿತವಾದ ವಿಮರ್ಶೆ ಶೈಲಿಚರ್ಚೆಗಳಲ್ಲಿಲ್ಲ, ಜನಪದರ ನುಡಿಗಟ್ಟುಗಳಲ್ಲಿದೆ ಎಂಬುದು ಇಲ್ಲಿನ ಪ್ರಮೇಯ.

ಕಟ್ಟೆ ಎಂಬ ನ್ಯಾಯಸ್ಥಾನ

ಬೆಂಗಳೂರಿನ ಕೆಂಪು ಕಟ್ಟಡಕ್ಕೆ ಬರುವ ಮೊದಲು ಅಲ್ಲಿಗೆ ವ್ಯಾಜ್ಯ ಹೊತ್ತು ಹೋಗುತ್ತಿದ್ದವರ ಸೀಮೆಯನ್ನು ನೋಡುವುದು ಅಗತ್ಯ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಪ್ರದೇಶವು ಈ ಅಧ್ಯಯನಕ್ಕೆ ಎರಡು ಕಾರಣಗಳಿಂದ ಮುಖ್ಯ. ಒಂದು, ಇಲ್ಲಿಯ ಹಳ್ಳಿಗಳಲ್ಲಿ ಕಟ್ಟೆಯ ನ್ಯಾಯಪದ್ಧತಿ ದೀರ್ಘಕಾಲ ಜೀವಂತವಾಗಿತ್ತು. ಎರಡು, ‘ಅಠಾರ ಕಚೇರಿ’ ಎಂಬ ಹೆಸರಿನ ಬೇರು ಇರುವುದು ಶ್ರೀರಂಗಪಟ್ಟಣದಲ್ಲಿಯೇ.

ಹಿಂದೆ ಅತ್ತಿಕುಪ್ಪೆ ಎನಿಸಿಕೊಂಡಿದ್ದ ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ, ಹೇಮಾವತಿಯ ದಂಡೆಯ ಮೇಲೆ ಇರುವ ಗ್ರಾಮ ಅಕ್ಕಿಹೆಬ್ಬಾಳು. ಸಾಹಿತ್ಯಾಸಕ್ತರು ಈ ಊರನ್ನು ಎ.ಎನ್. ಮೂರ್ತಿರಾಯರ ಹೆಸರಿನ ಮೊದಲ ಅಕ್ಷರದಿಂದ ಬಲ್ಲರು. ಮೈಸೂರು–ಅರಸೀಕೆರೆ ರೈಲುಮಾರ್ಗದಲ್ಲಿ ಇದಕ್ಕೊಂದು ನಿಲ್ದಾಣವೂ ಇದೆ. ಈ ಸೀಮೆಯ ಯಾವುದೇ ದೊಡ್ಡ ಹಳ್ಳಿಯಂತೆ ಇಲ್ಲಿಯೂ ನ್ಯಾಯದ ಕಲ್ಪನೆ ಕಟ್ಟೆಯೊಂದಿಗೆ ಹೆಣೆದುಕೊಂಡಿದೆ. ಅರಳಿ ಬೇವುಗಳನ್ನು ಜೊತೆಯಾಗಿ ನೆಟ್ಟು, ಸುತ್ತಲೂ ಸೊಂಟದೆತ್ತರಕ್ಕೆ ಕಲ್ಲು ಜೋಡಿಸಿ, ಒಳಗೆ ಮಣ್ಣು ತುಂಬಿ, ಮೇಲೆ ಚಪ್ಪಡಿ ಹಾಸಿದರೆ ಕಟ್ಟೆ ಸಿದ್ಧ. ಅದರ ಮೇಲೆ ನಾಗರಕಲ್ಲುಗಳಿರುತ್ತವೆ. ಮದುವೆಯ ಮಾತುಕತೆ, ಹಬ್ಬದ ತೀರ್ಮಾನ, ನೀರಿನ ಸರದಿ, ಬದುವಿನ ಜಗಳ ಎಲ್ಲವೂ ಅಲ್ಲಿಯೇ. ಅದಕ್ಕೆ ಗೋಡೆಯಿಲ್ಲ, ಬಾಗಿಲಿಲ್ಲ. ಹಾದಿಹೋಕನೂ ವಿಚಾರಣೆಯನ್ನು ಕೇಳಬಲ್ಲ.

ಕನ್ನಡ ನುಡಿಯ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ‘ಕಟ್ಟು’ ಎಂಬ ಒಂದೇ ಧಾತುವಿನಿಂದ ಕಟ್ಟಡ, ಕಟ್ಟೆ, ಕಟ್ಟಳೆ, ಕಟ್ಟುಪಾಡು ಎಂಬ ಪದಗಳು ಹೊರಟಿವೆ. ಕಲ್ಲನ್ನು ಕಲ್ಲಿಗೆ ಕೂಡಿಸುವುದೂ ಮನುಷ್ಯನನ್ನು ಸಮುದಾಯದ ನಿಯಮಕ್ಕೆ ಬಿಗಿಯುವುದೂ ನುಡಿಯ ಮಟ್ಟದಲ್ಲಿ ಒಂದೇ ಕ್ರಿಯೆ. ಹಳೆಯ ಮೈಸೂರು ಭಾಗದ ಒಕ್ಕಲುತನದ ಸಮುದಾಯಗಳಲ್ಲಿ ಹಲವು ಊರುಗಳ ಮೇಲೆ ಅಧಿಕಾರವುಳ್ಳ ನ್ಯಾಯಸಂಸ್ಥೆಗೆ ‘ಕಟ್ಟೆಮನೆ’ ಎಂಬ ಹೆಸರಿದ್ದುದು ಈ ಹಿನ್ನೆಲೆಯಲ್ಲಿ ಅರ್ಥಪೂರ್ಣ. ಸ್ಥಳದ ಹೆಸರೇ ಸಂಸ್ಥೆಯ ಹೆಸರಾಯಿತು. ‘ನ್ಯಾಯ’ ಎಂಬ ಪದಕ್ಕೂ ಈ ಸೀಮೆಯ ಆಡುಮಾತಿನಲ್ಲಿ ಎರಡು ಅರ್ಥಗಳಿವೆ. ‘ನ್ಯಾಯ ಆಡಬೇಡ’ ಎಂದರೆ ಜಗಳವಾಡಬೇಡ ಎಂದರ್ಥ. ‘ನ್ಯಾಯ ತೀರಿತು’ ಎಂದರೆ ವ್ಯಾಜ್ಯ ಮುಗಿಯಿತು ಎಂದರ್ಥ. ಜಗಳವೂ ನ್ಯಾಯ, ಅದರ ಪರಿಹಾರವೂ ನ್ಯಾಯ. ಕಟ್ಟೆಯ ಗುರಿ ಸತ್ಯಾಸತ್ಯಗಳ ನಿಷ್ಕರ್ಷೆಗಿಂತ ಹೆಚ್ಚಾಗಿ ಊರು ಮತ್ತೆ ಒಟ್ಟಿಗೆ ಬಾಳುವಂತೆ ಮಾಡುವುದಾಗಿತ್ತು. ಆದ್ದರಿಂದಲೇ ಅಲ್ಲಿ ತಪ್ಪುಕಾಣಿಕೆ ಇತ್ತು, ಎಲೆ ಅಡಿಕೆಯ ವಿನಿಮಯ ಇತ್ತು, ಸಾಕ್ಷಿ ಸಾಲದಿದ್ದಾಗ ದೇವರ ಮುಂದೆ ದೀಪ ಆರಿಸಿ ಮಾಡುವ ಪ್ರಮಾಣವಿತ್ತು.

ಇಷ್ಟರಿಂದ ಕಟ್ಟೆಯನ್ನು ಆದರ್ಶೀಕರಿಸಿದರೆ ಅಧ್ಯಯನ ದಾರಿ ತಪ್ಪುತ್ತದೆ. ಗೋಡೆಯಿಲ್ಲದ ಕಟ್ಟೆಗೂ ಎತ್ತರವಿತ್ತು. ಆ ಎತ್ತರದ ಮೇಲೆ ಯಾರು ಕೂರಬೇಕು, ಕೆಳಗೆ ಕೈಕಟ್ಟಿ ಯಾರು ನಿಲ್ಲಬೇಕು, ಇನ್ನೂ ದೂರದಲ್ಲಿ ಯಾರು ನಿಲ್ಲಬೇಕು ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ಯಜಮಾನರು ಮೇಲೆ ಕೂತರೆ, ಸಭೆಗೆ ಜನರನ್ನು ಕರೆದು ತರುತ್ತಿದ್ದ ಕುಳವಾಡಿ ಅದನ್ನು ಏರುವಂತಿರಲಿಲ್ಲ. ಹೆಂಗಸಿನ ದೂರನ್ನು ಅವಳ ಪರವಾಗಿ ಗಂಡಸೇ ಹೇಳಬೇಕಾಗಿತ್ತು. ಕುಲದಿಂದ ಹೊರಗಿಡುವ ಶಿಕ್ಷೆಯ ಕ್ರೌರ್ಯವನ್ನು ಅನುಭವಿಸಿದವರ ಪಾಲಿಗೆ ಕಟ್ಟೆಯ ಮೇಲೆ ತೆರೆದಿದ್ದ ಆಕಾಶದಿಂದ ಏನೂ ಲಾಭವಿರಲಿಲ್ಲ. ವಾಸ್ತುವಿನ ತೆರವು ಬೇರೆ, ಸಮಾಜದ ತೆರವು ಬೇರೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡೇ ಆಧುನಿಕ ನ್ಯಾಯಾಲಯದ ಕಟ್ಟಡದ ಕಡೆಗೆ ತಿರುಗಬೇಕು.

ಹದಿನೆಂಟು ಚಾವಡಿಯಿಂದ ಅಠಾರ ಕಚೇರಿಗೆ

ಕಟ್ಟೆಗೂ ಕಚೇರಿಗೂ ನಡುವಣ ಕೊಂಡಿ ಚಾವಡಿ. ಚಾವಡಿಗೆ ಮಾಡು ಉಂಟು, ಕಂಬಗಳುಂಟು. ಆದರೆ ಮುಂಭಾಗ ತೆರೆದಿರುತ್ತದೆ. ಊರ ಶಾನುಭೋಗನ ಕಡತವೂ ತಳವಾರನ ಕೋಲೂ ಅಲ್ಲಿಯೇ ಇರುತ್ತಿದ್ದವು. ಈ ಗ್ರಾಮೀಣ ಪದವನ್ನೇ ಮೈಸೂರು ಪ್ರಭುತ್ವವು ತನ್ನ ಆಡಳಿತದ ಶಾಖೆಗಳಿಗೂ ಬಳಸಿತು. ಚಿಕ್ಕದೇವರಾಜ ಒಡೆಯರು (1673–1704) ಶ್ರೀರಂಗಪಟ್ಟಣದಿಂದ ಆಳುತ್ತಿದ್ದಾಗ ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದರೆಂದು ಮೈಸೂರಿನ ಚರಿತ್ರಕಾರರು ದಾಖಲಿಸಿದ್ದಾರೆ. ಔರಂಗಜೇಬನ ಆಸ್ಥಾನಕ್ಕೆ ಹೋಗಿದ್ದ ನಿಯೋಗವು 1700ರ ಸುಮಾರಿಗೆ ಹಿಂದಿರುಗಿದ ಮೇಲೆ, ಮೊಗಲರ ಮಾದರಿಯನ್ನು ಕಂಡು ಈ ವ್ಯವಸ್ಥೆ ರೂಪುಗೊಂಡಿತೆಂಬ ನಿರೂಪಣೆಯೂ ಅದರೊಂದಿಗೆ ಬಂದಿದೆ. ಮಾದರಿ ಎಲ್ಲಿಯದಾದರೂ ಹೆಸರುಗಳು ಅಚ್ಚ ಸ್ಥಳೀಯ: ನಿರೂಪದ ಚಾವಡಿ, ಆಯಕಟ್ಟಿನ ಚಾವಡಿ, ಸುಂಕದ ಚಾವಡಿ, ಬೇಹಿನ ಚಾವಡಿ, ದೇವಸ್ಥಾನದ ಚಾವಡಿ, ಕಬ್ಬಿಣದ ಚಾವಡಿ, ಹೊಗೆಸೊಪ್ಪಿನ ಚಾವಡಿ. ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ ಬೆಣ್ಣೆ ಚಾವಡಿಯೇ ಮುಂದೆ ಟಿಪ್ಪುವಿನ ಕಾಲದಲ್ಲಿ ಅಮೃತ್ ಮಹಲ್ ಆಯಿತು.

‘ಹದಿನೆಂಟು’ ಎಂಬ ಸಂಖ್ಯೆ ಜಾನಪದ ಅಧ್ಯಯನಕ್ಕೆ ಅಪರಿಚಿತವಲ್ಲ. ಊರಿನ ಸಮಸ್ತ ಜನ ಎನ್ನಲು ‘ಹದಿನೆಂಟು ಜಾತಿ’ ಎನ್ನುವುದುಂಟು. ಬಲಗೈ ಪಂಗಡದ್ದು ಹದಿನೆಂಟು ಪಣ, ಎಡಗೈ ಪಂಗಡದ್ದು ಒಂಬತ್ತು ಪಣ ಎಂಬ ಎಣಿಕೆ ಪ್ರಸಿದ್ಧ. ಹದಿನೆಂಟು ಎಂದರೆ ಎಲ್ಲವನ್ನೂ ಒಳಗೊಂಡದ್ದು, ಹೊರಗೇನೂ ಉಳಿಯದ್ದು. ಆದ್ದರಿಂದ ಹದಿನೆಂಟು ಚಾವಡಿ ಎಂಬುದು ಶಾಖೆಗಳ ಲೆಕ್ಕವೂ ಹೌದು, ಪ್ರಭುತ್ವದ ಸರ್ವವ್ಯಾಪಕತೆಯ ಸಂಕೇತವೂ ಹೌದು. ಹಿಂದೂಸ್ತಾನಿಯ ‘ಅಠಾರ’ ಮತ್ತು ‘ಕಚೇರಿ’ ಎಂಬ ಪದಗಳು ಇದರ ಮೇಲೆ ಹೊದಿಕೆಯಾಗಿ ಬಂದವು.

ರಾಜಧಾನಿ ಕದಲಿದರೂ ಹೆಸರು ಉಳಿಯಿತು. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ವಹಿಸಿಕೊಂಡ ಮೇಲೆ ಸರ್ಕಾರದ ಕಚೇರಿಗಳು ಬೆಂಗಳೂರು ಕೋಟೆಯೊಳಗಿನ ಟಿಪ್ಪುವಿನ ಅರಮನೆಯಲ್ಲಿ ನಡೆದವು. 1791ರಲ್ಲಿ ಪೂರ್ಣಗೊಂಡ ಆ ಅರಮನೆ ಸಾಗುವಾನಿ ಕಂಬಗಳ, ತೆರೆದ ಮೊಗಸಾಲೆಗಳ ಎರಡಂತಸ್ತಿನ ಕಟ್ಟಡ. ವಾಸ್ತುವಿನ ಸ್ವಭಾವದಲ್ಲಿ ಅದು ಚಾವಡಿಯ ಬಂಧು. ಅಂದರೆ ಕಮಿಷನರ್ ಆಡಳಿತದ ಮೊದಲ ಮೂರು ದಶಕಗಳಿಗೂ ಮೀರಿ ಹೊಸ ಅಧಿಕಾರವು ಹಳೆಯ ಚಾವಡಿಯಂಥ ಮನೆಯಲ್ಲಿಯೇ ಕೂತಿತ್ತು. ನ್ಯಾಯದ ಕ್ರಮದಲ್ಲಿಯೂ ಇದೇ ಸಂಧಿಸ್ಥಿತಿ ಕಾಣುತ್ತದೆ. ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದಾಗ ಮೇಲೆ ಹುಜೂರ್ ಅದಾಲತ್ ಇತ್ತು. ತಾಲ್ಲೂಕಿನಲ್ಲಿ ಅಮಲ್ದಾರರು ಕಂದಾಯದ ಜೊತೆಗೆ ನ್ಯಾಯವಿಚಾರಣೆಯನ್ನೂ ನಡೆಸುತ್ತಿದ್ದರು. ವ್ಯಾಜ್ಯಗಳ ತೀರ್ಮಾನಕ್ಕೆ ಪಂಚಾಯ್ತಿಗಳ ನೆರವನ್ನೂ ಪಡೆಯುತ್ತಿದ್ದರು. 1856ರಲ್ಲಿ ಹುಜೂರ್ ಅದಾಲತ್ ರದ್ದಾಗಿ ಜುಡಿಷಿಯಲ್ ಕಮಿಷನರ್ ಹುದ್ದೆ ಬಂದಿತು. ಕಟ್ಟೆಗೂ ಸರ್ಕಾರದ ನ್ಯಾಯಕ್ಕೂ ನಡುವೆ ಉಳಿದಿದ್ದ ದಾರಿ ಕ್ರಮೇಣ ಕಿರಿದಾಯಿತು.

ಕೆಂಪು ಕಟ್ಟಡದ ವ್ಯಾಕರಣ

ಲೆವಿನ್ ಬೌರಿಂಗ್ ಕಮಿಷನರ್ ಆಗಿದ್ದ ಅವಧಿಯಲ್ಲಿ (1862–1870), ಕೋಟೆಯ ಇಕ್ಕಟ್ಟಿನಿಂದ ಕಚೇರಿಗಳನ್ನು ಹೊರತಂದು ಒಂದೇ ಸೂರಿನಡಿ ಇರಿಸಲು ಹೊಸ ಕಟ್ಟಡವನ್ನು ಯೋಜಿಸಲಾಯಿತು. 1864ರಲ್ಲಿ ಆರಂಭವಾದ ಕೆಲಸ 1868ರಲ್ಲಿ ಮುಗಿಯಿತು. ಇದರ ನಿರ್ಮಾಣದಲ್ಲಿ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್ ಅವರ ಹೆಸರು ಸ್ಮರಣೀಯ. ಕಲ್ಲು ಇಟ್ಟಿಗೆಗಳ ಎರಡು ಅಂತಸ್ತಿನ ನೀಳವಾದ ಕಟ್ಟಡ. ನಡುವಿನಲ್ಲಿಯೂ ಎರಡು ತುದಿಗಳಲ್ಲಿಯೂ ಅಯೋನಿಕ್ ಸ್ತಂಭಗಳ ಮುಖಮಂಟಪಗಳು. ಅವುಗಳ ಮೇಲೆ ತ್ರಿಕೋಣಾಕಾರದ ಶಿರೋಭಾಗ. ಇಡೀ ಮೈಗೆ ಕೆಂಪು ಬಣ್ಣ. ಗ್ರೀಕ್–ರೋಮನ್ ಮಾದರಿಯ ಈ ಕಟ್ಟಡವನ್ನು ಕೇಂದ್ರವಾಗಿಟ್ಟುಕೊಂಡು 1870ರಲ್ಲಿ ಇಂದಿನ ಕಬ್ಬನ್ ಉದ್ಯಾನ ರೂಪುಗೊಂಡಿತು. ಸರ್ಕಾರದ ಭಾಷೆಯಲ್ಲಿ ಇದು ‘ಪಬ್ಲಿಕ್ ಆಫೀಸಸ್’. ಜನ ಆ ಹೆಸರನ್ನು ಒಪ್ಪಲಿಲ್ಲ. ಸುಮಾರು ನೂರಾ ಅರವತ್ತೆಂಟು ವರ್ಷಗಳ ಹಿಂದೆ ಶ್ರೀರಂಗಪಟ್ಟಣದಲ್ಲಿ ಎಣಿಸಿದ್ದ ಹದಿನೆಂಟನ್ನೇ ಇಲ್ಲಿಗೂ ತಂದು ಅಠಾರ ಕಚೇರಿ ಎಂದರು. ರೂಪ ಯವನರದ್ದು, ಆಡಳಿತ ಆಂಗ್ಲರದ್ದು, ಹೆಸರಿನ ಭಾಷೆ ಹಿಂದೂಸ್ತಾನಿ, ಹೆಸರಿನೊಳಗಿನ ನೆನಪು ಮೈಸೂರಿನದು. ಹೆಸರಿಡುವ ಅಧಿಕಾರ ತನ್ನ ಕೈಯಲ್ಲಿಲ್ಲದ ಸಮುದಾಯವೊಂದು ಹೊಸ ಪ್ರಭುತ್ವವನ್ನು ಹಳೆಯದರ ಮುಂದುವರಿಕೆಯೆಂದೇ ಓದಿಕೊಂಡ ಬಗೆ ಇದು.

ಈ ಕಟ್ಟಡದ ವಾಸ್ತುವಿಮರ್ಶೆಯಲ್ಲಿ ಸಾಮಾನ್ಯವಾಗಿ ಎತ್ತಿ ಹೇಳದ ಸಂಗತಿಯೆಂದರೆ, ಇದನ್ನು ನ್ಯಾಯಾಲಯವೆಂದು ಕಲ್ಪಿಸಿ ಕಟ್ಟಲಿಲ್ಲ. ಇದು ಕಚೇರಿಗಳ ಸಾಲು. ಒಂದು ಇಲಾಖೆಯ ಪಕ್ಕಕ್ಕೆ ಇನ್ನೊಂದು ಇಲಾಖೆಯನ್ನು ಇಟ್ಟು ಉದ್ದಕ್ಕೆ ಬೆಳೆಸಿದ ಯೋಜನೆ. ಮುಖಮಂಟಪಗಳು ದೇವಾಲಯದ ಗಾಂಭೀರ್ಯವನ್ನು ಸೂಚಿಸಿದರೂ ಅವುಗಳ ಹಿಂದೆ ಇರುವುದು ಕಡತಗಳ ಕೋಣೆಗಳು. ಮೈಸೂರಿನ ಮುಖ್ಯ ನ್ಯಾಯಾಲಯ 1884ರಲ್ಲಿ ಸ್ಥಾಪನೆಯಾಗಿ, 1930ರಲ್ಲಿ ಉಚ್ಚ ನ್ಯಾಯಾಲಯವೆನಿಸಿ, 1973ರಲ್ಲಿ ರಾಜ್ಯದ ಹೆಸರು ಬದಲಾದಾಗ ಕರ್ನಾಟಕದ ಉಚ್ಚ ನ್ಯಾಯಾಲಯವಾಯಿತು. 1956ರಲ್ಲಿ ಸಚಿವಾಲಯವು ಎದುರಿನ ವಿಧಾನಸೌಧಕ್ಕೆ ಹೋದ ನಂತರ ಈ ಕಟ್ಟಡದ ಗುರುತು ನ್ಯಾಯಾಲಯದೊಂದಿಗೆ ಒಂದಾಯಿತು. ಕಚೇರಿಯ ದೇಹಕ್ಕೆ ನ್ಯಾಯಾಲಯದ ಜೀವ ಬಂದಿತು ಎನ್ನಬಹುದು.

ಕನ್ನಡದ ಜೋಡುನುಡಿ ‘ಕೋರ್ಟು ಕಚೇರಿ’ ಇಲ್ಲಿ ಬೆರಗುಗೊಳಿಸುವಷ್ಟು ನಿಖರವಾಗುತ್ತದೆ. ಅಮಲ್ದಾರನ ಕಚೇರಿಯಲ್ಲಿಯೇ ನ್ಯಾಯವಿಚಾರಣೆಯನ್ನು ಕಂಡಿದ್ದ ರೈತನಿಗೆ ನ್ಯಾಯಾಂಗ ಮತ್ತು ಕಾರ್ಯಾಂಗಗಳ ನಡುವಣ ಗೆರೆ ಪುಸ್ತಕದ ಮಾತು. ಅವನ ಅನುಭವದಲ್ಲಿ ಎರಡೂ ಒಂದೇ ಬಗೆಯ ಜಾಗಗಳು: ಕಾಯಬೇಕು, ಅರ್ಜಿ ಬರೆಸಬೇಕು, ಛಾಪಾಕಾಗದ ಕೊಳ್ಳಬೇಕು, ಹೆಸರು ಕೂಗಿದಾಗ ಓಡಬೇಕು, ವಾಯಿದೆ ಪಡೆದು ಹಿಂದಿರುಗಬೇಕು. ದಾವೆ, ಫಿರ್ಯಾದು, ವಕಾಲತ್ತು, ತಾರೀಖು, ರಾಜಿ ಎಂಬ ಪರಭಾಷೆಯ ಪದಗಳೆಲ್ಲ ಅವನ ನಾಲಗೆಗೆ ಬಂದದ್ದು ಈ ಜಾಗಗಳಿಂದಲೇ. ಹಾಗೆ ಎರಡನ್ನೂ ಕೂಡಿಸಿ ಒಂದೇ ಉಸಿರಿನಲ್ಲಿ ಹೇಳುವ ಜೋಡುನುಡಿ ಅವನ ಅಜ್ಞಾನದ ಫಲವಲ್ಲ. ಅಠಾರ ಕಚೇರಿಯ ನಕ್ಷೆಯನ್ನು ಅದು ಒಂದು ಪದದಲ್ಲಿ ಬಿಡಿಸಿಟ್ಟಿದೆ.

ಮೆಟ್ಟಿಲಿನ ಅರ್ಥ

‘ಕೋರ್ಟು ಮೆಟ್ಟಿಲು ಹತ್ತಿದ’ ಎಂಬ ಮಾತನ್ನು ವಿಶ್ಲೇಷಿಸಿದರೆ ಇನ್ನೊಂದು ಪದರ ತೆರೆದುಕೊಳ್ಳುತ್ತದೆ. ಕಟ್ಟೆಯ ನ್ಯಾಯಕ್ಕೆ ಸಂಬಂಧಿಸಿದ ಕ್ರಿಯಾಪದಗಳು ಕೂರುವುದು ಮತ್ತು ಸೇರುವುದು. ‘ನ್ಯಾಯಕ್ಕೆ ಕೂತರು’, ‘ನ್ಯಾಯ ಸೇರಿಸಿದರು’ ಎನ್ನುತ್ತಾರೆ. ಕೋರ್ಟಿನ ಕ್ರಿಯಾಪದ ಹತ್ತುವುದು. ಕೂರುವುದು ಗುಂಪಿನ ಕ್ರಿಯೆ, ಹತ್ತುವುದು ಒಬ್ಬನ ಕ್ರಿಯೆ. ಕಟ್ಟೆಯಲ್ಲಿ ಊರೇ ವ್ಯಾಜ್ಯದ ಒಳಗಿರುತ್ತದೆ. ಮೆಟ್ಟಿಲ ಬುಡದಲ್ಲಿ ಊರು ಹಿಂದೆ ಉಳಿಯುತ್ತದೆ. ಈ ಒಂಟಿತನದ ಅನುಭವವೇ ‘ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆಯಲ್ಲಿ ಕಹಿಯಾಗಿ ಹೊಮ್ಮಿದೆ. ಖರ್ಚಿನ ಲೆಕ್ಕವೊಂದೇ ಈ ಗಾದೆಯ ಅರ್ಥವಲ್ಲ. ಮೆಟ್ಟಿಲಿಳಿದು ಊರಿಗೆ ಹಿಂದಿರುಗಿದವನಿಗೆ ಡಿಕ್ರಿ ಸಿಕ್ಕಿದ್ದರೂ ಬದುವಿನಾಚೆಯ ನೆರೆಯವನು ಸಿಕ್ಕುವುದಿಲ್ಲ.

ಅದೇ ಮೆಟ್ಟಿಲಿಗೆ ಮತ್ತೊಂದು ಮುಖವಿದೆ. ಕಟ್ಟೆಯನ್ನು ಏರುವ ಹಕ್ಕಿಲ್ಲದವನಿಗೆ ಕೋರ್ಟಿನ ಮೆಟ್ಟಿಲು ಏರುವ ಹಕ್ಕುಂಟು. ಕುಲದಿಂದ ಹೊರಗಿಟ್ಟವರ ಮೇಲೆ ದೂರು ಕೊಡಲು, ಗಂಡನ ಮನೆಯವರ ಮೇಲೆ ಜೀವನಾಂಶಕ್ಕೆ ದಾವೆ ಹೂಡಲು, ತುಂಡುಭೂಮಿಯ ಗೇಣಿಯ ಹಕ್ಕನ್ನು ಸಾಧಿಸಲು ಕಟ್ಟೆಯಲ್ಲಿ ದೊರೆಯದ ಅವಕಾಶ ಇಲ್ಲಿ ತತ್ವತಃ ಇದೆ. ‘ಕೋರ್ಟು ಮೆಟ್ಟಿಲು ಹತ್ತಿಸುತ್ತೇನೆ’ ಎಂಬ ಮಾತನ್ನು ಬಲಿಷ್ಠನು ಬೆದರಿಕೆಯಾಗಿ ಆಡುವಂತೆ ದುರ್ಬಲನೂ ಆಡಬಲ್ಲ. ಇಷ್ಟು ಮಟ್ಟಿಗೆ ಈ ನುಡಿಗಟ್ಟು ಭಯದ ದಾಖಲೆಯೂ ಹೌದು, ಬಿಡುಗಡೆಯ ದಾಖಲೆಯೂ ಹೌದು. ವಸಾಹತುಶಾಹಿ ವಾಸ್ತುವು ಜನರನ್ನು ಹೆದರಿಸಲೆಂದೇ ಎತ್ತರಿಸಿದ ಜಗತಿಯನ್ನು ಬಳಸಿತೆಂಬ ಸರಳ ವಿವರಣೆ ಈ ದ್ವಂದ್ವವನ್ನು ಹಿಡಿಯಲಾರದು. ಹಳ್ಳಿಯ ಎತ್ತರ ಹುಟ್ಟಿನಿಂದ ಬಂದದ್ದು. ಕೋರ್ಟಿನ ಎತ್ತರವನ್ನು ಕಾಲಿನಿಂದ ಹತ್ತಬಹುದು. ಹತ್ತಲು ಬೇಕಾದ ಹಣ, ಅಕ್ಷರ, ಬಿಡುವು ಯಾರಲ್ಲಿವೆ ಎಂಬುದು ಅಲ್ಲಿಂದ ಮುಂದಿನ ಪ್ರಶ್ನೆ.

ಕಟ್ಟೆ ಮತ್ತು ಮೆಟ್ಟಿಲು ಎರಡನ್ನೂ ಬಲ್ಲ ವ್ಯಕ್ತಿಯೊಬ್ಬರು ಈ ಚರಿತ್ರೆಯಲ್ಲಿದ್ದಾರೆ. ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರಾಗಿದ್ದ ಎಚ್.ವಿ. ನಂಜುಂಡಯ್ಯನವರು ಮೈಸೂರಿನ ಮುಖ್ಯ ನ್ಯಾಯಾಲಯದ ನ್ಯಾಯಾಧೀಶರೂ ಆಗಿದ್ದರು. ಮೈಸೂರು ಸಂಸ್ಥಾನದ ಜನಾಂಗಗಳ ಸಮೀಕ್ಷೆಯನ್ನು ವಹಿಸಿಕೊಂಡು, ಒಂದೊಂದು ಸಮುದಾಯದ ಮದುವೆ, ಸಾವು, ದೈವ, ಪಂಚಾಯ್ತಿ, ದಂಡ, ಬಹಿಷ್ಕಾರಗಳ ವಿವರವನ್ನು ಅವರು ಸಂಗ್ರಹಿಸಿದರು. ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಪರಿಶ್ರಮವೂ ಸೇರಿ ಆ ಸಾಮಗ್ರಿಯು 1928ರಿಂದ 1935ರವರೆಗೆ ಸಂಪುಟಗಳಾಗಿ ಹೊರಬಂದಿತು. ಲಿಖಿತ ಕಾನೂನಿನಂತೆ ತೀರ್ಪು ಕೊಡುವ ಸ್ಥಾನದಲ್ಲಿದ್ದ ವಿದ್ವಾಂಸರು ಅಲಿಖಿತ ಕಟ್ಟಳೆಗಳನ್ನು ಬರಹಕ್ಕಿಳಿಸಿದರೆಂಬುದು ಕರ್ನಾಟಕದ ಜಾನಪದ ಅಧ್ಯಯನದ ಚರಿತ್ರೆಯಲ್ಲಿ ವಿಶೇಷವಾಗಿ ನೆನೆಯಬೇಕಾದ ಸಂಗತಿ. ಹಳ್ಳಿಯ ಕಟ್ಟೆಯ ನ್ಯಾಯದ ಬಗೆಗೆ ಇಂದು ಲಭ್ಯವಿರುವ ತಿಳಿವಳಿಕೆಯ ಒಂದು ಭಾಗ ಬಂದಿರುವುದು ಮೆಟ್ಟಿಲ ಮೇಲಿನಿಂದ. ಆ ದಾಖಲೆಗಳಲ್ಲಿ ಕಟ್ಟೆಯ ನಿಯಮಗಳು ಸ್ಪಷ್ಟವಾಗಿಯೂ ಅಲ್ಲಿ ನಿಂತವರ ದನಿಗಳು ಕ್ಷೀಣವಾಗಿಯೂ ಇರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಎದುರುಬದುರಿನ ಎರಡು ಕಟ್ಟಡಗಳು

ಅಠಾರ ಕಚೇರಿಯನ್ನು ಇಂದು ಯಾರೂ ಒಂಟಿಯಾಗಿ ನೋಡಲಾರರು. ಎದುರಿಗೆ ವಿಧಾನಸೌಧವಿದೆ. 1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಶಂಕುಸ್ಥಾಪನೆ ಮಾಡಿದ, ಕೆಂಗಲ್ ಹನುಮಂತಯ್ಯನವರ ಸಂಕಲ್ಪದಿಂದಲೂ ಎಂಜಿನಿಯರ್ ಬಿ.ಆರ್. ಮಾಣಿಕ್ಯಂ ಅವರ ನೇತೃತ್ವದಿಂದಲೂ ಬೆಳೆದು 1956ರಲ್ಲಿ ಪೂರ್ಣಗೊಂಡ ಆ ಶಿಲಾಸೌಧ, ಅಠಾರ ಕಚೇರಿಗೆ ಕೊಟ್ಟ ಉತ್ತರದಂತೆ ನಿಂತಿದೆ. ಕೆಂಪಿಗೆ ಪ್ರತಿಯಾಗಿ ಬೂದುಬಣ್ಣದ ಕಣಶಿಲೆ, ತ್ರಿಕೋಣ ಶಿರೋಭಾಗಕ್ಕೆ ಪ್ರತಿಯಾಗಿ ಗುಮ್ಮಟ ಮತ್ತು ಛಾವಣಿಯಂಚಿನ ದ್ರಾವಿಡ ಅಲಂಕರಣ. ಆದರೆ ಮೆಟ್ಟಿಲಿನ ವಿಷಯದಲ್ಲಿ ಅದು ವಿರೋಧಿಸದೆ ಮೀರಿಸಲು ಹೋಯಿತು. ಅದರ ಮುಂಭಾಗದ ಸೋಪಾನಪಂಕ್ತಿಯಲ್ಲಿ 45 ಮೆಟ್ಟಿಲುಗಳಿವೆ. ವಸಾಹತುಶಾಹಿಯ ಶೈಲಿಯನ್ನು ತಿರಸ್ಕರಿಸಿದ ಸ್ವತಂತ್ರ ಪ್ರಭುತ್ವವು ಅದರ ಎತ್ತರದ ವ್ಯಾಕರಣವನ್ನು ಉಳಿಸಿಕೊಂಡಿತು. ಎರಡು ಕಟ್ಟಡಗಳ ನಡುವಿನ ರಸ್ತೆ ಅಂಬೇಡ್ಕರ್ ವೀಧಿ. ಕಟ್ಟೆಯಿಂದ ದೂರ ನಿಲ್ಲಿಸಲ್ಪಟ್ಟವರಿಗೆ ಸಂವಿಧಾನದ ಮೆಟ್ಟಿಲನ್ನು ಕಟ್ಟಿಕೊಟ್ಟವರ ಹೆಸರು ಆ ನಡುವಿನ ಜಾಗಕ್ಕೆ ಬಂದಿರುವುದು ಔಚಿತ್ಯಪೂರ್ಣ.

ಸಚಿವಾಲಯ ಹೊರಟುಹೋದ ಮೇಲೆ ಹಳೆಯ ಕಟ್ಟಡ ಅನವಶ್ಯಕವೆಂಬ ಭಾವನೆ ಬೆಳೆಯಿತು. 1980ರ ದಶಕದ ಆರಂಭದಲ್ಲಿ ಅದನ್ನು ಕೆಡವುವ ಪ್ರಸ್ತಾಪ ಬಂದಾಗ ನಾಗರಿಕರು ಪ್ರತಿಭಟಿಸಿದರು, ನ್ಯಾಯಾಲಯದ ಮೊರೆಹೊಕ್ಕರು. ಕಟ್ಟಡವನ್ನು ಉಳಿಸಲು ಜನ ಆ ಕಟ್ಟಡದ ಮೆಟ್ಟಿಲನ್ನೇ ಹತ್ತಬೇಕಾಯಿತು. ಅದು ಉಳಿಯಿತು. ಕಾಲಾಂತರದಲ್ಲಿ ಹಿಂಬದಿಗೆ ಹೊಸ ಕಟ್ಟಡಗಳು ಸೇರಿದವು. ಅವುಗಳಿಗೂ ಅದೇ ಕೆಂಪು ಬಣ್ಣ ಬಂದಿತು. ಮಾರೊಚೆಟ್ಟಿ ಎಂಬ ಶಿಲ್ಪಿ ರೂಪಿಸಿದ, 1866ರಲ್ಲಿ ಬೆಂಗಳೂರಿನಲ್ಲಿ ಅನಾವರಣಗೊಂಡ ಮಾರ್ಕ್ ಕಬ್ಬನ್ನರ ಅಶ್ವಾರೋಹಿ ಪ್ರತಿಮೆ ಬಹುಕಾಲ ನ್ಯಾಯಾಲಯದ ಆವರಣದಲ್ಲಿದ್ದು, 2020ರಲ್ಲಿ ಉದ್ಯಾನದೊಳಕ್ಕೆ ಸ್ಥಳಾಂತರಗೊಂಡಿತು. ಇಷ್ಟೆಲ್ಲ ಬದಲಾವಣೆಗಳ ನಡುವೆ ರಕ್ಷಣೆಯ ಚರ್ಚೆಯೆಲ್ಲ ಮುಂಭಾಗದ ಸುತ್ತಲೇ ನಡೆದುದನ್ನು ಗಮನಿಸಬೇಕು. ಸ್ತಂಭಗಳು ಉಳಿಯಬೇಕೆಂಬ ಕಾಳಜಿ ಸಾಧುವಾದುದು. ಅವುಗಳ ಬುಡದಲ್ಲಿ ಕಾಯುವವನು ಎಲ್ಲಿ ಕೂರಬೇಕೆಂಬ ಪ್ರಶ್ನೆ ಪರಂಪರೆಯ ಚರ್ಚೆಗೆ ಸೇರಲೇ ಇಲ್ಲ.

ನೆರಳಿನ ಪ್ರಶ್ನೆ

ಈ ಪ್ರಶ್ನೆಯನ್ನು ಭಾರತದ ಇತರ ಆಧುನಿಕ ನ್ಯಾಯಾಲಯಗಳ ಜೊತೆಗಿಟ್ಟು ನೋಡಿದಾಗ ಅದರ ತೂಕ ತಿಳಿಯುತ್ತದೆ. ಲೆ ಕಾರ್ಬುಸಿಯೆ ಚಂಡೀಗಢದಲ್ಲಿ ರೂಪಿಸಿದ, 1955ರಲ್ಲಿ ಉದ್ಘಾಟನೆಗೊಂಡ ಉಚ್ಚ ನ್ಯಾಯಾಲಯವು ಮೊದಲಿನಿಂದಲೂ ನ್ಯಾಯಾಲಯವೆಂದೇ ಕಲ್ಪಿಸಿದ ಕಟ್ಟಡ. ವಿಚಾರಣೆಯ ಕೋಣೆಗಳು ಹೊರಗಿನಿಂದಲೇ ಎಣಿಸಲು ಬರುವಂತೆ ಸಾಲಾಗಿದ್ದು, ಎಲ್ಲದರ ಮೇಲೂ ಕೊಡೆಯಂಥ ದೊಡ್ಡ ಮಾಡು ಚಾಚಿದೆ. ಅಷ್ಟು ಮಹತ್ವಾಕಾಂಕ್ಷೆಯ ವಿನ್ಯಾಸಕ್ಕೂ ಬಿಸಿಲು ಮಳೆಗಳಿಂದ ರಕ್ಷಣೆಗಾಗಿ ನಂತರ ಮುಂಭಾಗದಲ್ಲಿ ವೆರಾಂಡ ಸೇರಿಸಬೇಕಾಯಿತು. 1958ರ ದೆಹಲಿಯ ಸರ್ವೋಚ್ಚ ನ್ಯಾಯಾಲಯದ ಕಟ್ಟಡವನ್ನು ಗಣೇಶ್ ಭಿಕಾಜಿ ದೇವಳಾಲೀಕರ್ ತಕ್ಕಡಿಯ ಆಕಾರದಲ್ಲಿ ಯೋಜಿಸಿದರು. ನಕ್ಷೆಯಲ್ಲಿ ಕಾಣುವ ಆ ತಕ್ಕಡಿ ನೆಲದ ಮೇಲೆ ನಿಂತ ಕಕ್ಷಿದಾರನಿಗೆ ಕಾಣದು. ಒಂದರಲ್ಲಿ ರೂಪದ ಗಾಂಭೀರ್ಯ, ಇನ್ನೊಂದರಲ್ಲಿ ಸಂಕೇತದ ಗಾಂಭೀರ್ಯ. ಎರಡರಲ್ಲಿಯೂ ಕಾಯುವವನು ನಕ್ಷೆಯ ನಂತರ ನೆನಪಾದವನು.

ಕರ್ನಾಟಕದಲ್ಲಿ ದೂರದ ಪ್ರಶ್ನೆಗೆ ತಡವಾಗಿಯಾದರೂ ಉತ್ತರ ದೊರೆತಿದೆ. ದೀರ್ಘ ಹೋರಾಟದ ಫಲವಾಗಿ 2008ರಲ್ಲಿ ಧಾರವಾಡ ಮತ್ತು ಕಲಬುರಗಿಗಳಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠಗಳು ಆರಂಭವಾಗಿ 2013ರಲ್ಲಿ ಕಾಯಂ ಆದವು. ಧಾರವಾಡದ ಪೀಠದ ಕಟ್ಟಡ ಊರ ಹೊರಗೆ, ಹೆದ್ದಾರಿಯ ಬದಿಯಲ್ಲಿದೆ. ಜಾಗ ವಿಶಾಲವಾಗಿದೆ. ಆದರೆ ಊರ ನಡುವೆ ಇದ್ದ ಕಟ್ಟೆಯಿಂದ ನ್ಯಾಯಸ್ಥಾನ ಎಷ್ಟು ದೂರ ಸರಿದಿದೆ ಎಂಬುದನ್ನು ಇಂಥ ನೆಲೆಗಳು ನೆನಪಿಸುತ್ತವೆ. ಅಕ್ಕಿಹೆಬ್ಬಾಳಿನ ವ್ಯಾಜ್ಯದ ದಾರಿ ಮೊದಲಿನಂತೆಯೇ ಉಳಿದಿದೆ: ಕೃಷ್ಣರಾಜಪೇಟೆಯ ತಾಲ್ಲೂಕು ನ್ಯಾಯಾಲಯ, ಅಲ್ಲಿಂದ ಜಿಲ್ಲಾ ನ್ಯಾಯಾಲಯ, ಕೊನೆಗೆ ಬೆಂಗಳೂರಿನ ಕೆಂಪು ಕಟ್ಟಡ. ಮಂಡ್ಯ ಜಿಲ್ಲೆ ರೂಪುಗೊಂಡ 1939ಕ್ಕೆ ಮೊದಲು ನಡುವಣ ಮಜಲು ಮೈಸೂರಾಗಿತ್ತು ಎಂಬುದಷ್ಟೇ ವ್ಯತ್ಯಾಸ.

ಈ ಮೂರು ಮಜಲುಗಳಲ್ಲಿಯೂ ನಕ್ಷೆಯಲ್ಲಿ ಇಲ್ಲದ, ಆದರೆ ಆವರಣದಲ್ಲಿ ತಪ್ಪದೆ ಇರುವ ಒಂದು ರಚನೆಯುಂಟು. ಅದು ಮರದ ಕೆಳಗಿನ ಜಾಗ. ತಾಲ್ಲೂಕು ನ್ಯಾಯಾಲಯದ ಆವರಣಗಳಲ್ಲಿ ಬೆರಳಚ್ಚಿನವರ ಮೇಜು, ಅರ್ಜಿ ಬರೆಯುವವರ ಚಾಪೆ, ಊಟದ ಗಂಟು ಬಿಚ್ಚಿ ಕೂತ ಸಾಕ್ಷಿದಾರರು, ಕಕ್ಷಿದಾರನಿಗೆ ಕಾನೂನನ್ನು ಆಡುಮಾತಿಗೆ ಇಳಿಸಿ ಹೇಳುವ ವಕೀಲರ ಗುಮಾಸ್ತ, ಎಲ್ಲರಿಗೂ ಇದೇ ಆಸರೆ. ಎಷ್ಟೋ ರಾಜಿಗಳ ಮೊದಲ ಮಾತು ಹುಟ್ಟುವುದು ಇಲ್ಲಿ. ಒಳಗೆ ಎದುರಾಳಿಗಳಾದವರು ಹೊರಗೆ ಒಂದೇ ನೆರಳಿನಲ್ಲಿ ಕೂತು, ಬೀಡಿ ಹಂಚಿಕೊಂಡು, ಒಂದೇ ಬಸ್ಸಿಗೆ ಕಾಯುವುದುಂಟು. ಜಾನಪದ ಅಧ್ಯಯನದ ದೃಷ್ಟಿಯಲ್ಲಿ ಇದು ಕಟ್ಟೆಯ ಪುನರವತಾರ. ಹಳೆಯ ಕಟ್ಟೆಗೆ ಇಲ್ಲದ ಒಂದು ಗುಣ ಇದಕ್ಕಿದೆ: ಈ ನೆರಳಿಗೆ ಎತ್ತರವಿಲ್ಲ, ಯಾರು ಬೇಕಾದರೂ ಕೂರಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಿಂದ ಶಾಸನಬದ್ಧ ಸ್ಥಾನ ಪಡೆದ ಲೋಕ ಅದಾಲತ್ತೂ, 2008ರ ಗ್ರಾಮ ನ್ಯಾಯಾಲಯಗಳ ಕಾಯಿದೆಯೂ ಹುಡುಕಿದ್ದು ಇಂಥದೇ ಸಮೀಪವನ್ನು. ಕಟ್ಟಡಗಳನ್ನು ಯೋಜಿಸುವವರು ಮಾತ್ರ ಅದನ್ನು ಇನ್ನೂ ಅಧಿಕೃತವಾಗಿ ಕಂಡಂತಿಲ್ಲ. ಹೊಸ ನ್ಯಾಯಾಲಯ ಸಂಕೀರ್ಣಗಳನ್ನು ಕುರಿತ ಪ್ರಕಟಣೆಗಳಲ್ಲಿ ಅಂತಸ್ತು, ಸಭಾಂಗಣ, ವಾಹನ ನಿಲುಗಡೆಗಳ ವಿವರ ಮೊದಲು ಬರುತ್ತದೆ. ನಿವೇಶನ ಸಮಮಾಡುವಾಗ ಮೊದಲು ಉರುಳುವುದು ಮರ.

ಒಟ್ಟಿನಲ್ಲಿ, ಅಠಾರ ಕಚೇರಿಯನ್ನು ಅಯೋನಿಕ್ ಸ್ತಂಭಗಳ ಮಾದರಿಯೆಂದು ಕಾಪಾಡುವುದರೊಂದಿಗೆ ಕನ್ನಡಿಗರ ನ್ಯಾಯಾನುಭವದ ಆಕರವೆಂದೂ ಓದಬೇಕಾಗಿದೆ. ಶ್ರೀರಂಗಪಟ್ಟಣದ ಹದಿನೆಂಟು ಚಾವಡಿಗಳ ನೆನಪು ಅದರ ಹೆಸರಿನಲ್ಲಿದೆ. ಕಂದಾಯ ಮತ್ತು ನ್ಯಾಯ ಒಂದಾಗಿದ್ದ ಕಾಲದ ನೆನಪು ‘ಕೋರ್ಟು ಕಚೇರಿ’ ಎಂಬ ಜೋಡುನುಡಿಯಲ್ಲಿದೆ. ಊರನ್ನು ಬಿಟ್ಟು ಒಬ್ಬನೇ ನಡೆದ ಭಯವೂ ಊರಿನ ಯಜಮಾನಿಕೆಯನ್ನು ಮೀರಿದ ಧೈರ್ಯವೂ ಅದರ ಮೆಟ್ಟಿಲಿನಲ್ಲಿವೆ. ಕಟ್ಟೆಗೆ ಹಿಂದಿರುಗುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಕಟ್ಟೆಯ ನೆರಳನ್ನು ಅದರ ಜಾತಿಯ ಎತ್ತರದಿಂದ ಬಿಡಿಸಿ ನ್ಯಾಯಾಲಯದ ನಕ್ಷೆಯೊಳಕ್ಕೆ ತರುವುದು ಸಾಧ್ಯ. ಕರ್ನಾಟಕದಲ್ಲಿ ಮುಂದೆ ಕಟ್ಟಲಾಗುವ ನ್ಯಾಯಾಲಯಗಳ ಗುಣವನ್ನು ಅವುಗಳ ಗುಮ್ಮಟ ಅಥವಾ ಸ್ತಂಭಗಳಿಂದ ಅಳೆಯುವ ಬದಲು, ತಾರೀಖಿಗೆ ಬಂದ ಮುದುಕಿಯೊಬ್ಬಳು ತನ್ನ ಹೆಸರು ಕೂಗುವುದು ಕೇಳಿಸುವಷ್ಟು ಹತ್ತಿರದಲ್ಲಿ, ಕುಡಿಯುವ ನೀರಿರುವ ಕಡೆ, ನೆರಳಿನಲ್ಲಿ ಕೂರಬಹುದೇ ಎಂಬುದರಿಂದ ಅಳೆಯುವುದು ಹೆಚ್ಚು ಸಮರ್ಪಕ.